ಬಸುರಿಯ 'ಬೇಡ' ಎಂಬ ಮಾತಿಗೆ ಬೆಲೆಯಿಲ್ಲವೇ?

ಕಳೆದ ತಿಂಗಳು ಸಂಘದ ಸಭೆ ಮುಗಿದ ಮೇಲೆ ಏಳು ತಿಂಗಳ ಬಸುರಿಯೊಬ್ಬಳು ನನ್ನನ್ನು ಪಕ್ಕಕ್ಕೆ ಕರೆದಳು. "ಮೇಡಂ, ಆಗಾಗ ರಕ್ತ ಹೋಗ್ತಿದೆ. ಗಂಡನ ಜೊತೆ ಸೇರಬೇಡ ಅಂತ ಡಾಕ್ಟರಮ್ಮ ಹೇಳಿದಾರೆ. ಇವರು ಕೇಳೋದಿಲ್ಲ. ಅತ್ತೆಗೆ ಹೇಳಿದ್ರೆ, ಗಂಡಸು ಬೇರೆ ಕಡೆ ಹೋದರೆ ಏನು ಮಾಡ್ತೀಯ ಅಂತಾರೆ."

ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ ನನಗೂ ಒಂದು ಗಳಿಗೆ ಮಾತು ಹೊರಡಲಿಲ್ಲ. ಈ ವಿಷಯವನ್ನು ನಾವು ತರಗತಿಯಲ್ಲೂ ಆಡಲಿಲ್ಲ, ಮನೆಯಲ್ಲೂ ಆಡಲಿಲ್ಲ. ನಮ್ಮ ನಾಚಿಕೆಯೇ ಗಂಡಸಿಗೆ ಅನುಕೂಲವಾಗಿದೆ.

ಮೊದಲು ವೈದ್ಯಕೀಯ ಸತ್ಯ ತಿಳಿಯೋಣ. ಬಸಿರು ತೊಂದರೆಯಿಲ್ಲದೆ ಸಾಗುತ್ತಿದ್ದು, ಇಬ್ಬರಿಗೂ ಮನಸ್ಸಿದ್ದರೆ, ಗಂಡ ಹೆಂಡತಿ ಕೂಡುವುದರಿಂದ ಮಗುವಿಗೆ ಪೆಟ್ಟಾಗುವುದಿಲ್ಲ. ಅದು ಗರ್ಭಕೋಶದೊಳಗೆ ನೀರಿನ ಚೀಲದಲ್ಲಿ ಭದ್ರವಾಗಿರುತ್ತದೆ. ಬಯಸುವ ಬಸುರಿಯನ್ನು ನಾಚಿಕೆಗೆಟ್ಟವಳು ಎನ್ನುವುದೂ ತಪ್ಪು. ಆದರೆ ರಕ್ತ ಹೋಗುತ್ತಿದ್ದರೆ, ನೀರು ಒಡೆದಿದ್ದರೆ, ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿದ್ದರೆ, ದಿನ ತುಂಬುವ ಮೊದಲೇ ಹೆರಿಗೆಯಾಗುವ ಭಯವಿದ್ದರೆ ಕೂಡಬಾರದು. ತಡಮಾಡದೆ ಆಸ್ಪತ್ರೆಗೆ ತೋರಿಸಬೇಕು. ಗಂಡನಿಗೆ ಲೈಂಗಿಕ ರೋಗದ ಶಂಕೆಯಿದ್ದರೆ ಕಾಂಡೋಮ್ ಇಲ್ಲದೆ ಬೇಡವೇ ಬೇಡ. ಸಿಫಿಲಿಸ್, ಎಚ್‌ಐವಿ ಮಗುವಿಗೂ ತಗಲಬಹುದು.

ಆದರೆ ಗೆಳತಿಯರೇ, ಡಾಕ್ಟರು "ಪರವಾಗಿಲ್ಲ" ಎಂದರೂ ಆಕೆ ಒಲ್ಲೆ ಎಂದಮೇಲೆ ಅದು ಸುರಕ್ಷಿತವಲ್ಲ, ದೌರ್ಜನ್ಯ. ವರದಕ್ಷಿಣೆ ಕೊಟ್ಟವರು ನಾವು, ನಮ್ಮ ಮೈಗೆ ಮಾಲೀಕ ಮಾತ್ರ ಅವನು! ಇದೆಂಥ ವ್ಯಾಪಾರ?

ಗಂಡ ನಡೆಸುವ ಬಲಾತ್ಕಾರವನ್ನು ನಮ್ಮ ಕಾನೂನು ಅತ್ಯಾಚಾರ ಎನ್ನುವುದಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ, ಹೆಂಡತಿಗೆ 18 ತುಂಬಿದ್ದರೆ ಅವನಿಗೆ ಆ ವಿನಾಯಿತಿಯನ್ನು ಉಳಿಸಿಕೊಟ್ಟಿದೆ. ಇದರ ವಿರುದ್ಧ ಹೋರಾಡಲೇಬೇಕು. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ ಲೈಂಗಿಕ ಹಿಂಸೆಯೂ ಹಿಂಸೆಯೇ. ಸಂರಕ್ಷಣಾಧಿಕಾರಿಗೆ ದೂರು ಕೊಡಬಹುದು, ಮ್ಯಾಜಿಸ್ಟ್ರೇಟರಿಂದ ರಕ್ಷಣೆಯ ಆದೇಶ ಪಡೆಯಬಹುದು, 181ಕ್ಕೆ ಫೋನ್ ಮಾಡಬಹುದು.

ಆ ಹುಡುಗಿಯನ್ನು ಕೇಳಿಕೊಂಡೇ ಮರುದಿನ ನಾವು ನಾಲ್ವರು ಅವಳ ಮನೆಗೆ ಹೋದೆವು. ಅತ್ತೆ, ಗಂಡ ಇಬ್ಬರ ಎದುರೂ ಡಾಕ್ಟರ ಚೀಟಿ ಓದಿದೆ. ಅವಳೀಗ ತವರಿನಲ್ಲಿದ್ದಾಳೆ.

ಸಾಲದ ಕಂತು ತಪ್ಪಿದರೆ ಸದಸ್ಯೆಯ ಬಾಗಿಲಿಗೆ ಹೋಗಿ ನಿಲ್ಲುವ ನಾವು, ಬಸುರಿಯ ಒಂದು 'ಬೇಡ'ಕ್ಕಾಗಿ ಹೋಗಿ ನಿಲ್ಲಲಾರೆವೇ?