ಮುಖ ಹೋಲಿದರೆ ಸಾಕೇ?

ಮುಖ ಗುರುತಿಸುವ ತಂತ್ರಾಂಶ ‘ಇವರೇ ಆ ವ್ಯಕ್ತಿ’ ಎನ್ನುವುದಿಲ್ಲ. ಎರಡು ಮುಖಗಳು ಎಷ್ಟು ಹೋಲುತ್ತವೆ ಎಂದು ಲೆಕ್ಕ ಹಾಕುತ್ತದೆ, ಅಷ್ಟೇ. ಈ ಅಂದಾಜನ್ನೇ ಸಾಕ್ಷ್ಯವೆಂದು ನಂಬಿದರೆ? 2020ರ ಜನವರಿಯಲ್ಲಿ ಅಮೆರಿಕದ ಡೆಟ್ರಾಯಿಟ್ ಪೊಲೀಸರು ಅಂಗಡಿ ಕಳ್ಳತನವೊಂದರಲ್ಲಿ ತಪ್ಪು ಹೋಲಿಕೆಯನ್ನು ನಂಬಿ, ನಿರಪರಾಧಿ ಕಪ್ಪುವರ್ಣೀಯರೊಬ್ಬರನ್ನು ಸುಮಾರು 30 ಗಂಟೆ ಬಂಧನದಲ್ಲಿಟ್ಟರು.

ತಂತ್ರಾಂಶದ ತಪ್ಪು ಎಲ್ಲರಿಗೂ ಸಮನಲ್ಲ. 2018ರಲ್ಲಿ ಸಂಶೋಧಕಿಯರಾದ ಜಾಯ್ ಬುವೊಲಮ್ವಿನಿ, ಟಿಮ್ನಿಟ್ ಗೆಬ್ರು ಮೂರು ಕಂಪನಿಗಳ ತಂತ್ರಾಂಶಗಳನ್ನು ಪರೀಕ್ಷಿಸಿದರು. ಮುಖ ನೋಡಿ ಗಂಡೋ ಹೆಣ್ಣೋ ಹೇಳುವಾಗ ಬಿಳಿಬಣ್ಣದ ಗಂಡಸರಲ್ಲಿ ತಪ್ಪು ಶೇ. 0.8 ಮೀರಲಿಲ್ಲ, ಕಪ್ಪುಬಣ್ಣದ ಹೆಂಗಸರಲ್ಲಿ ಶೇ. 34.7ರವರೆಗೂ ಹೋಯಿತು.

ನಮ್ಮ ದೇಶದಲ್ಲೂ ಪೊಲೀಸರು ಈ ತಂತ್ರಜ್ಞಾನ ಬಳಸುತ್ತಿದ್ದಾರೆ. ಹಾಗಾಗಿ ನಾವು ಕೇಳಬೇಕಾದದ್ದು ‘ಯಂತ್ರ ಎಷ್ಟು ನಿಖರ?’ ಎಂದಷ್ಟೇ ಅಲ್ಲ. ಅದು ತಪ್ಪಿದಾಗ ಹೊಣೆ ಯಾರದು ಎಂದೂ ಕೇಳಬೇಕು.