ಎವರೇಜ್ ಬಿದ್ದರೆ ಎಥೆನಾಲೇ ಕಾರಣವೇ? ಹಳೇ ಕಾರಿನ ಇಂಜೆಕ್ಟರ್ ಸೋರಿಕೆ ಯಾರ ಕಣ್ಣಿಗೂ ಬೀಳುತ್ತಿಲ್ಲ

ಬೀದರ್: ಬಂಕ್‌ಗಳಿಗೆ ಇ20 ಪೆಟ್ರೋಲ್ ಬಂದ ಮೇಲೆ ಹಳೇ ಕಾರಿನ ಎಲ್ಲ ಕಾಯಿಲೆಗೂ ಒಂದೇ ಹೆಸರು ಸಿಕ್ಕಿದೆ. ಗಾಡಿ ಚಾಲೂ ಆಗ್ತಿಲ್ಲ, ಎಥೆನಾಲ್. ಎವರೇಜ್ ಬಿತ್ತು, ಎಥೆನಾಲ್. ಕರಿ ಹೊಗೆ ಬರ್ತದ, ಅದೂ ಎಥೆನಾಲ್. ಬೀದರ್, ಭಾಲ್ಕಿ, ಔರಾದ್ ಎಲ್ಲಿ ಹೋದರೂ ಇದೇ ಮಾತು. ಮಾತಿನಲ್ಲಿ ಸತ್ಯ ಇಲ್ಲವೇ ಇಲ್ಲ ಎಂದಲ್ಲ. ಆದರೆ ಇದೇ ನೆಪದಲ್ಲಿ ಕಾರಿನ ಇಂಜೆಕ್ಟರ್ ಹನಿ ಹನಿಯಾಗಿ ಸೋರುತ್ತಿರುವುದನ್ನು ತಿಂಗಳುಗಟ್ಟಲೆ ಯಾರೂ ನೋಡದೇ ಬಿಡುವ ಅಪಾಯ ಇದೆ.

ಮೊದಲು ಲೆಕ್ಕ ನೋಡೋಣ. ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟ್‌ನಲ್ಲಿ ಕೊಟ್ಟ ವಿವರಣೆಯ ಪ್ರಕಾರ, ಇ20ಗೆ ಹೊಂದಿಸಿದ ಗಾಡಿಗಳಲ್ಲಿ ಎವರೇಜ್ ಶೇ 1ರಿಂದ 2ರಷ್ಟು, ಉಳಿದ ಹಳೇ ಗಾಡಿಗಳಲ್ಲಿ ಶೇ 3ರಿಂದ 6ರಷ್ಟು ಕಡಿಮೆ ಆಗಬಹುದು. ನೀತಿ ಆಯೋಗದ 2021ರ ವರದಿ ತೀರಾ ಹಳೇ ಮಾದರಿಯ ಕಾರುಗಳಿಗೆ ಶೇ 6ರಿಂದ 7 ಎಂದಿತ್ತು. ದೊಡ್ಡ ಅಂಕಿಯನ್ನೇ ಹಿಡಿಯೋಣ. ಲೀಟರ್‌ಗೆ 18 ಕಿ.ಮೀ. ಕೊಡುತ್ತಿದ್ದ ಕಾರು 16.7ಕ್ಕೆ ಇಳಿಯಬೇಕು. ಅದೇ ಕಾರು 12ಕ್ಕೆ ಬಂದು ನಿಂತಿದ್ದರೆ ಉಳಿದದ್ದು ಎಥೆನಾಲ್ ತಿಂದದ್ದಲ್ಲ. ತಿಂಗಳಿಗೆ ಸಾವಿರ ಕಿ.ಮೀ. ಓಡುವ ಗಾಡಿಯಲ್ಲಿ 18ಕ್ಕೂ 12ಕ್ಕೂ ಇರುವ ವ್ಯತ್ಯಾಸ ಸುಮಾರು 28 ಲೀಟರ್. ಲೀಟರ್‌ಗೆ ನೂರು ದಾಟಿರುವ ದರದಲ್ಲಿ ಇದು ಎಷ್ಟಾಯಿತು ಎಂದು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಮಾತು. ಎಥೆನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಇ20 ಹಾಕಿದಾಗ ಎಂಜಿನ್ ಒಳಗಿನ ಮಿಶ್ರಣ ತೆಳುವಾಗುತ್ತದೆ, ಅಂದರೆ ಇಂಧನ ಕಡಿಮೆ, ಗಾಳಿ ಜಾಸ್ತಿ. ಕರಿ ಹೊಗೆ, ಪೆಟ್ರೋಲ್ ವಾಸನೆ, ಮಸಿ ಹಿಡಿದ ಪ್ಲಗ್ ಇವೆಲ್ಲ ಅದಕ್ಕೆ ಉಲ್ಟಾ, ಇಂಧನ ಜಾಸ್ತಿ ಆದಾಗ ಬರುವ ಲಕ್ಷಣ. ಇವು ಕಂಡರೆ ಬಂಕ್ ಕಡೆ ಬೆರಳು ತೋರಿಸುವ ಮೊದಲು ಬಾನೆಟ್ ಎತ್ತುವುದು ಒಳ್ಳೆಯದು.

ಹಾಗಂತ ಎಥೆನಾಲ್‌ಗೆ ಪೂರ್ತಿ ಕ್ಲೀನ್ ಚಿಟ್ ಕೊಡಲಿಕ್ಕೂ ಆಗದು. ಕೆಲವು ಹಳೇ ಗಾಡಿಗಳಲ್ಲಿ 20ರಿಂದ 30 ಸಾವಿರ ಕಿ.ಮೀ. ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಎಂದು ಅದೇ ಸಚಿವಾಲಯ ಒಪ್ಪಿಕೊಂಡಿದೆ. ಇಂಜೆಕ್ಟರ್‌ನ ಎರಡೂ ತುದಿಗೆ ಇರುವ ಓ-ರಿಂಗ್ ಸಹ ರಬ್ಬರೇ. ಎಥೆನಾಲ್ ನೀರಿನಂಶ ಎಳೆದುಕೊಳ್ಳುತ್ತದೆ, ಟ್ಯಾಂಕ್‌ನ ತಳದ ಹಳೇ ಕಸವನ್ನೂ ಸಡಿಲಿಸುತ್ತದೆ. ಆ ಕಸದ ಸಣ್ಣ ಕಣ ನಾಜಲ್‌ನಲ್ಲಿ ಕೂತರೆ ಇಂಜೆಕ್ಟರ್ ಪೂರ್ತಿ ಮುಚ್ಚುವುದಿಲ್ಲ, ಹನಿ ಬೀಳುತ್ತದೆ. ಎಥೆನಾಲ್ ಇಲ್ಲದ ಪೆಟ್ರೋಲ್ ಆಯ್ಕೆಯೂ ಇರಲಿ ಎಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿದೆ. ಹಾಗಾಗಿ ಕೆಎ-38 ಆಗಲಿ ಕೆಎ-39 ಆಗಲಿ, ಸಾಮಾನ್ಯ ಪೆಟ್ರೋಲ್ ಹಾಕಿಸುವ ಹಳೇ ಗಾಡಿ ಇದರಲ್ಲೇ ಬದುಕಬೇಕು. ಕಬ್ಬಿನ ಜಿಲ್ಲೆಯಲ್ಲಿ ಎಥೆನಾಲ್‌ಗೆ ಶಾಪ ಹಾಕುವುದೂ ಅಷ್ಟು ಸುಲಭ ಅಲ್ಲ ಬಿಡಿ. ಹೊಲದಲ್ಲಿ ಕಬ್ಬು, ಮನೆ ಮುಂದೆ ಹಳೇ ವ್ಯಾಗನ್ ಆರ್, ಎರಡೂ ಒಬ್ಬರದೇ ಆಗಿರಬಹುದು.

ಬಿಸಿ ಎಂಜಿನ್‌ನಲ್ಲೇ ಗುಟ್ಟು

ಸೋರುವ ಇಂಜೆಕ್ಟರ್ ಬೆಳಗ್ಗೆ ಅಷ್ಟಾಗಿ ಸಿಕ್ಕಿಬೀಳುವುದಿಲ್ಲ. ಔರಾದ್‌ನಿಂದ ಹೊರಟ ಕಾರು ಸಂತಪೂರದಲ್ಲಿ ಚಹಾಕ್ಕೆ ನಿಂತು, ಕಾಲು ತಾಸು ಬಿಟ್ಟು ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಹಿಡಿಯುವುದಿಲ್ಲ. ಗಾಡಿ ನಿಂತಾಗ ಪೈಪ್‌ನಲ್ಲಿ ಉಳಿದ ಒತ್ತಡ ಪೆಟ್ರೋಲನ್ನು ಸೋರುವ ನಾಜಲ್ ಮೂಲಕ ಸಿಲಿಂಡರ್ ಕಡೆ ತಳ್ಳಿರುತ್ತದೆ. ಒಳಗೆ ಪೆಟ್ರೋಲ್ ತುಂಬಿ ಪ್ಲಗ್ ತೋಯ್ದಿರುತ್ತದೆ, ಪೈಪ್‌ನಲ್ಲಿ ಒತ್ತಡವೂ ಇಳಿದಿರುತ್ತದೆ.

ಇಲ್ಲಿ ಮನೆಯವರೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಚಾಬಿ ಆನ್ ಮಾಡಿ ಎರಡು ಸೆಕೆಂಡ್ ಬಿಟ್ಟು ಆಫ್ ಮಾಡಿ. ಎರಡು ಮೂರು ಸಲ ಹೀಗೆ ಮಾಡಿದ ಮೇಲೆ ಗಾಡಿ ಹೊಗೆ ಇಲ್ಲದೇ ಚಾಲೂ ಆದರೆ ಒತ್ತಡ ಇಳಿದದ್ದಷ್ಟೇ ಸಮಸ್ಯೆ, ಅನುಮಾನ ಟ್ಯಾಂಕ್‌ನ ಪಂಪ್‌ನಲ್ಲಿರುವ ವಾಲ್ವ್ ಮೇಲೆ. ಹಾಗೆ ಆಗದೇ, ಎಕ್ಸಲರೇಟರ್ ಪೂರ್ತಿ ತುಳಿದು ಸೆಲ್ಫ್ ಹೊಡೆದಾಗ ಬಕ್ಕನೆ ಕರಿ ಹೊಗೆ ಬಿಟ್ಟು ಎದ್ದರೆ ಒಳಗೆ ಪೆಟ್ರೋಲ್ ತುಂಬಿತ್ತು ಎಂದು ಅರ್ಥ. ಆಗ ಇಂಜೆಕ್ಟರ್ ಮೇಲೆ ಅನುಮಾನ ಬಲವಾಗುತ್ತದೆ. ಅನೇಕ ಎಂಪಿಎಫ್‌ಐ ಕಾರುಗಳಲ್ಲಿ ಹೀಗೆ ಪೂರ್ತಿ ತುಳಿದಾಗ ಕಂಪ್ಯೂಟರೇ ಪೆಟ್ರೋಲ್ ನಿಲ್ಲಿಸುತ್ತದೆ.

ಜೊತೆಗೆ ಆಯಿಲ್ ಕಡ್ಡಿ ಎಳೆದು ಮೂಸಿ ನೋಡಬೇಕು. ಆಯಿಲ್ ಮಟ್ಟ ತಾನಾಗಿ ಏರಿದ್ದರೆ, ಪೆಟ್ರೋಲ್ ವಾಸನೆ ಹೊಡೆದರೆ ಆ ಗಾಡಿ ಓಡಿಸಬಾರದು. ಸಿಲಿಂಡರ್ ಗೋಡೆಯಿಂದ ಇಳಿದ ಪೆಟ್ರೋಲ್ ಆಯಿಲನ್ನು ನೀರು ಮಾಡುತ್ತದೆ, ಬೇರಿಂಗ್ ತಿನ್ನುತ್ತದೆ. ಒಂದು ಇಂಜೆಕ್ಟರ್‌ನ ಕೆಲಸ ಇಡೀ ಎಂಜಿನ್ ಬಿಚ್ಚುವ ಕೆಲಸ ಆಗುವುದು ಹೀಗೆ.

ಎಮಿಷನ್ ಚೀಟಿಯೂ ಸಾಕ್ಷಿಯೇ. ಪಾಸ್ ಅಂತ ಬಂದರೆ ಮಡಚಿ ಡ್ಯಾಶ್‌ಬೋರ್ಡ್‌ಗೆ ಹಾಕುವುದು ರೂಢಿ. ಬಿಎಸ್-4 ಪೆಟ್ರೋಲ್ ಕಾರಿಗೆ ಮಿತಿ ಕಾರ್ಬನ್ ಮೊನಾಕ್ಸೈಡ್ ಶೇ 0.3, ಹೈಡ್ರೋಕಾರ್ಬನ್ 200 ಪಿಪಿಎಂ. ಬಿಎಸ್-2, ಬಿಎಸ್-3 ಕಾರಿಗೆ ಶೇ 0.5 ಮತ್ತು 750. ಹೋದ ಸಲದ ಚೀಟಿಗೂ ಈ ಸಲದ ಚೀಟಿಗೂ ಅಂಕಿ ಎರಡು ಪಟ್ಟು ಏರಿದ್ದರೆ, ಪಾಸ್ ಆಗಿದ್ದರೂ ಏನೋ ಕೆಡುತ್ತಿದೆ. ಗಾಡಿ ಮುಟ್ಟದೇ ಬರೇ ಚೀಟಿ ಕೊಡುವ ಕಡೆ ಮಾಡಿಸಿದ್ದರೆ ಮಾತ್ರ ಈ ಸಾಕ್ಷಿಗೆ ಕಿಮ್ಮತ್ತಿಲ್ಲ.

ಮಿಸ್ತ್ರಿ ಹತ್ತಿರ ಕೇಳಬೇಕಾದ್ದು

ಅಸಲಿ ತೀರ್ಪು ಕೊಡುವುದು ಪ್ರೆಷರ್ ಗೇಜ್. ಇದು ದೊಡ್ಡ ಬೆಲೆಯ ಸಾಮಾನಲ್ಲ, ಆದರೂ ಗೇಜ್ ಹಾಕುವ ಮೊದಲೇ ನಾಲ್ಕೂ ಇಂಜೆಕ್ಟರ್ ಬದಲಿಸು ಎನ್ನುವ ಸಲಹೆ ಬರುವುದುಂಟು. ಇಂಥ ಕಾರುಗಳಲ್ಲಿ ಪೆಟ್ರೋಲ್ ಒತ್ತಡ ಸಾಮಾನ್ಯವಾಗಿ 3 ಬಾರ್ ಆಸುಪಾಸು ಇರುತ್ತದೆ, ಟೈರ್ ಗಾಳಿಗಿಂತ ಸ್ವಲ್ಪ ಜಾಸ್ತಿ. ಎಂಜಿನ್ ಬಂದ್ ಮಾಡಿ ಹತ್ತು ನಿಮಿಷ ಮುಳ್ಳನ್ನು ನೋಡಬೇಕು. ಸರ್‍ರನೆ ಇಳಿದರೆ ಸೋರಿಕೆ ಖಚಿತ, ಆದರೆ ಎಲ್ಲಿ ಎಂಬುದು ಇನ್ನೂ ಖಚಿತವಲ್ಲ. ಪಂಪ್‌ನ ವಾಲ್ವ್, ರೆಗ್ಯುಲೇಟರ್, ಇಂಜೆಕ್ಟರ್, ಮೂರರಲ್ಲಿ ಯಾವುದೂ ಆಗಬಹುದು. ಟ್ಯಾಂಕ್ ಕಡೆಯಿಂದ ಬರುವ ರಬ್ಬರ್ ಪೈಪ್ ಒತ್ತಿ ಹಿಡಿದಾಗ ಮುಳ್ಳು ನಿಂತರೆ ತಪ್ಪು ಪಂಪ್‌ನದು (ಪ್ಲಾಸ್ಟಿಕ್ ಪೈಪ್ ಒತ್ತಬಾರದು, ಸೀಳುತ್ತದೆ). ರೆಗ್ಯುಲೇಟರ್‌ಗೆ ವ್ಯಾಕ್ಯೂಮ್ ಪೈಪ್ ಇರುವ ಕಾರಿನಲ್ಲಿ ಅದನ್ನು ಕಿತ್ತು ನೋಡಿದಾಗ ಒಳಗೆ ಪೆಟ್ರೋಲ್ ಕಂಡರೆ ರೆಗ್ಯುಲೇಟರ್ ಹರಿದಿದೆ.

ಎರಡೂ ಅಲ್ಲ ಎಂದಾದರೆ ಮಾತ್ರ ಇಂಜೆಕ್ಟರ್ ಸರದಿ. ರೇಲ್ ಸಮೇತ ಎತ್ತಿ, ಒತ್ತಡ ಕೊಟ್ಟು ನಾಜಲ್ ತುದಿ ನೋಡಬೇಕು. ನಿಮಿಷಕ್ಕೆ ಒಂದು ಹನಿಗಿಂತ ಜಾಸ್ತಿ ಬಿದ್ದರೆ ಅದೇ ಕಳ್ಳ. ಈ ಕೆಲಸದಲ್ಲಿ ಇಗ್ನಿಷನ್ ಕಾಯಿಲ್ ವೈರ್ ಕಿತ್ತಿರಬೇಕು, ಎಂಜಿನ್ ತಣ್ಣಗಿರಬೇಕು, ಹತ್ತಿರ ಬೀಡಿ ಸಿಗರೇಟ್ ಇರಬಾರದು. ಹೊರಗಿನ ಓ-ರಿಂಗ್ ಹತ್ತಿರವೇ ಒದ್ದೆ ಕಂಡರೆ ಇಷ್ಟೆಲ್ಲ ಪರೀಕ್ಷೆಯ ಪ್ರಶ್ನೆಯೇ ಇಲ್ಲ, ಗಾಡಿ ಅಲ್ಲೇ ನಿಲ್ಲಿಸಬೇಕು, ಬೆಂಕಿಯ ಭಯ ಅದು.

ಸ್ಕ್ಯಾನರ್ ಹಚ್ಚಿದರೆ ಎಲ್ಲ ಗೊತ್ತಾಗ್ತದ ಎನ್ನುವುದೂ ಪೂರ್ತಿ ನಿಜವಲ್ಲ. ಪಿ0172 ಎಂಬ ಕೋಡ್ ಮಿಶ್ರಣದಲ್ಲಿ ಪೆಟ್ರೋಲ್ ಜಾಸ್ತಿ ಎಂದಷ್ಟೇ ಹೇಳುತ್ತದೆ. ಟೆಂಪರೇಚರ್ ಸೆನ್ಸರ್ ಅಥವಾ ಆಕ್ಸಿಜನ್ ಸೆನ್ಸರ್ ಕೆಟ್ಟರೂ ಅದೇ ಕೋಡ್ ಬರಬಹುದು. ಪಿ0201ರಿಂದ ಪಿ0204ರವರೆಗಿನ ಕೋಡ್‌ಗಳು ಇಂಜೆಕ್ಟರ್‌ನ ಕರೆಂಟ್ ದೋಷ ಹೇಳುತ್ತವೆ, ಸೋರಿಕೆಯನ್ನಲ್ಲ.

ಡೀಸೆಲ್ ಗಾಡಿಗಳ ಕಥೆ ಬೇರೆ. ಅವುಗಳಿಗೆ ಇ20 ಸಂಬಂಧವೇ ಇಲ್ಲ. ಕಾಮನ್ ರೇಲ್ ಗಾಡಿಯಲ್ಲಿ ಪ್ರತಿ ಇಂಜೆಕ್ಟರ್‌ನ ರಿಟರ್ನ್ ಪೈಪ್‌ಗೆ ಸಣ್ಣ ಬಾಟಲಿ ಕಟ್ಟಿ, ಎಂಜಿನ್ ಓಡಿಸಿ, ಯಾವುದರಲ್ಲಿ ಡೀಸೆಲ್ ಬೇಗ ತುಂಬುತ್ತದೆ ನೋಡಿದರೆ ಸಾಕು. ಆದರೆ ಅಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ, ಸೋರಿಕೆ ಹುಡುಕಲು ಕೈ ಅಡ್ಡ ಹಿಡಿದರೆ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಗೇಜ್ ಪರೀಕ್ಷೆ ಬೀದರ್‌ನಲ್ಲಿ ಮಾತ್ರ ಆಗಬೇಕು ಎಂದೇನಿಲ್ಲ. ಔರಾದ್‌ನ ಕುಟುಂಬಕ್ಕೆ ಹಳೇ ಕಾರು ಶೋಕಿಗಲ್ಲ, ರಾತ್ರಿ ಹೊತ್ತು ಬ್ರಿಮ್ಸ್ ಮುಟ್ಟಲಿಕ್ಕೆ. ತಾಲ್ಲೂಕು ಮಟ್ಟದ ಒಂದೆರಡು ಗ್ಯಾರೇಜ್‌ಗಳಲ್ಲಿ ಗೇಜ್ ಮತ್ತು ಅದನ್ನು ಓದಬಲ್ಲ ಒಬ್ಬ ಐಟಿಐ ಹುಡುಗ ಇದ್ದರೂ ಕೆಲಸ ಆಗುತ್ತದೆ. ಇಂಜೆಕ್ಟರ್ ಬದಲಿಸಬೇಕು ಎಂದು ಯಾರೇ ಹೇಳಿದರೂ ಗಿರಾಕಿ ಕೇಳಬೇಕಾದದ್ದು ಒಂದೇ: ‘ಮುಳ್ಳು ಎಷ್ಟು ಇಳಿತು, ಯಾವ ನಾಜಲ್ ಹನಿ ಬಿಡ್ತು, ತೋರಸ್ರಿ.’