ನಿಮ್ಮ ಲಾಭ ಯಾರ ಕಂತು?

‘ವೈಟ್‌ಫೀಲ್ಡ್ ಮುಗೀತು, ಹೊಸಕೋಟೆ ಕೈಗೆ ಸಿಗಲ್ಲ, ಈಗಲೇ ನಂದಗುಡಿ ಕಡೆ ಒಂದು ಸೈಟ್ ತಗೊಂಡು ಬಿಡು ಮಗಾ.’ ನಮ್ಮಂಥ ಸಾಫ್ಟ್‌ವೇರ್ ಮಂದಿ ಕೂತಲ್ಲೆಲ್ಲ ಇದೇ ಮಾತು. ಕಾರಣವೂ ರೆಡಿ: ಚೆನ್ನೈ ಎಕ್ಸ್‌ಪ್ರೆಸ್‌ವೇ ಹೊಸಕೋಟೆಯಿಂದ ಶುರು, ಉಪನಗರ ವರ್ತುಲ ರಸ್ತೆ ಹೊಸಕೋಟೆ ತಾಲೂಕಲ್ಲೇ ಹಾದುಹೋಗುತ್ತೆ. ಆದರೆ ‘ಅಲ್ಲಿ ಮನೆ ಕಟ್ಟಿ ಇರ್ತೀನಿ’ ಅಂತ ಒಬ್ಬನೂ ಹೇಳಲ್ಲ. ನನ್ನ ತಕರಾರು ಇದೇ. ಇರೋದಕ್ಕಲ್ಲದೆ ಕೊಳ್ಳುವ ಸೈಟು ಹೂಡಿಕೆಯಲ್ಲ, ಇನ್ನೊಬ್ಬರ ಮನೆಯ ಮೇಲೆ ನಾವು ಹಾಕುವ ತೆರಿಗೆ.

ಲೆಕ್ಕ ನೋಡಿ. ಎಕರೆಗೆ 43,560 ಚದರಡಿ. ರಸ್ತೆ, ಪಾರ್ಕು ಕಳೆದರೆ 30×40ರ ಸುಮಾರು 20 ಸೈಟು. ಚದರಡಿಗೆ 3,000 ರೂಪಾಯಿ ಅಂದುಕೊಂಡರೂ ಸೈಟಿಗೆ 36 ಲಕ್ಷ. ಅದರಲ್ಲಿ 30 ಲಕ್ಷ ಸಾಲ ಮಾಡಿದರೆ, ಶೇ 9ರ ಬಡ್ಡಿಗೆ, 20 ವರ್ಷಕ್ಕೆ, ತಿಂಗಳ ಕಂತು 27 ಸಾವಿರ. ತೀರುವ ಹೊತ್ತಿಗೆ ಬ್ಯಾಂಕಿಗೆ ಕಟ್ಟಿದ್ದು ಸುಮಾರು 65 ಲಕ್ಷ. ಮುದ್ರಾಂಕ, ನೋಂದಣಿ ಬೇರೆ. ಇಷ್ಟಾಗಿಯೂ ಅಲ್ಲಿ ಒಂದು ಗೋಡೆ ಎದ್ದಿಲ್ಲ, ಬೆಂಗಳೂರಲ್ಲಿ ಬಾಡಿಗೆ ತಪ್ಪಿಲ್ಲ.

ಇದರಲ್ಲಿ ಲಾಭ ಬರಬೇಕಾದರೆ ನಿಮ್ಮ ನಂತರ ಬರುವವನು ನಿಮಗಿಂತ ದೊಡ್ಡ ಸಾಲ ಮಾಡಬೇಕು. ಆ ಮನುಷ್ಯ ಯಾರು? ನಿಮ್ಮ ಟೀಮಿಗೆ ಮೊನ್ನೆ ಸೇರಿದ ಹುಡುಗ, ಇಲ್ಲವೇ ನಿಮ್ಮ ಸ್ವಂತ ತಮ್ಮ. ಅವನ ಕಂತೇ ನಿಮ್ಮ ಲಾಭ.

ಇನ್ನು ಆ ಊರಿನವರ ಕಥೆ. ನಂದಗುಡಿಯ ಅತಿಥಿ ಶಿಕ್ಷಕಿಗೆ, ಕಾರ್ಖಾನೆ ಬಸ್ಸು ಹತ್ತುವ ಹುಡುಗಿಗೆ ನಿಜವಾಗಿ ಅಲ್ಲೇ ಮನೆ ಬೇಕು. ಬೆಲೆ ಏರಿದ್ದು ಅವರ ಸಂಬಳ ನೋಡಿ ಅಲ್ಲ, ನಮ್ಮ ಸಂಬಳ ನೋಡಿ. ನಮಗೆ ‘ಅಗ್ಗ’ ಅನ್ನಿಸುವ ಸೈಟು ಅವರಿಗೆ ಈ ಜನ್ಮದಲ್ಲಿ ಸಿಗದ ಸೈಟು.

‘ರೈತರಿಗೆ ದುಡ್ಡು ಸಿಕ್ತಲ್ಲ ಗುರೂ?’ ಅಂತೀರಿ. ಹಳ್ಳಿಯಲ್ಲೇ ಬೆಳೆದ ನನಗೆ ಈ ಮಾತು ಪೂರ್ತಿ ಸುಳ್ಳು ಅನ್ನಿಸಲ್ಲ. ಮಾರಿದವನಿಗೆ ಸಿಗುತ್ತೆ, ಒಂದೇ ಸಲ. ಅವನು ಎಕರೆ ಲೆಕ್ಕದಲ್ಲಿ ಮಾರ್ತಾನೆ, ನಾವು ಚದರಡಿ ಲೆಕ್ಕದಲ್ಲಿ ಕೊಳ್ತೀವಿ. ನಡುವಿನ ದುಡ್ಡು ನಡುವಿನವರದು. ಮಾರದೆ ರಾಗಿ, ಆಲೂಗಡ್ಡೆ ಬೆಳೆಯುವವನು ಪಕ್ಕದ ಅರ್ಧ ಎಕರೆ ಕೊಳ್ಳುವ ಆಸೆ ಬಿಡಬೇಕು, ಅಷ್ಟೇ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲಂತೂ ಅವನ ಎದುರು ಹರಾಜಿಗೆ ನಿಂತಿರೋದು ಇನ್ನೊಬ್ಬ ರೈತನಲ್ಲ, ನಗರದ ಸಂಬಳ.

ಹಿಂದೆ, 2006ರ ಸುಮಾರಿಗೆ, ನಂದಗುಡಿಯಲ್ಲಿ ವಿಶೇಷ ಆರ್ಥಿಕ ವಲಯಕ್ಕೆ ಸುಮಾರು 12 ಸಾವಿರ ಎಕರೆ ಬೇಕು ಅಂತ ಯೋಜನೆ ಬಂದಿತ್ತು. ರೈತರು ತಿರುಗಿಬಿದ್ದರು, ಯೋಜನೆ ನಿಂತುಹೋಯಿತು. ಒಟ್ಟಿಗೆ ಕೇಳಿದಾಗ ಕೊಡದ ನೆಲ ಈಗ ಗುಂಟೆ ಗುಂಟೆಯಾಗಿ ಕರಗುತ್ತಿದೆ. ಆಗ ಯಾರ ವಿರುದ್ಧ ಧರಣಿ ಕೂರಬೇಕು ಅನ್ನೋದು ಊರಿಗೆ ಗೊತ್ತಿತ್ತು. ಈಗ ಒಬ್ಬೊಬ್ಬರಾಗಿ, ಭಾನುವಾರ ಕ್ಯಾಬಿನಲ್ಲಿ ಬಂದು ಸೈಟ್ ನೋಡಿ ಹೋಗುವ ನಮ್ಮ ವಿರುದ್ಧ ಹೇಗೆ ಕೂರ್ತಾರೆ?

ಸರ್ಕಾರ ಮಾಡಬೇಕಾದ ಕೆಲಸ ಇದೆ. ಕಟ್ಟದೆ ಬಿಟ್ಟ ಸೈಟಿಗೆ ವರ್ಷ ವರ್ಷ ಏರುವ ತೆರಿಗೆ ಹಾಕಲಿ. ಅಂತರ್ಜಲ ಬಸಿದುಹೋಗಿರುವ ಈ ಜಿಲ್ಲೆಯಲ್ಲಿ ನೀರೆಲ್ಲಿಂದ ತರ್ತೀರಿ ಅಂತ ಕೇಳದೆ ಲೇಔಟಿಗೆ ಒಪ್ಪಿಗೆ ಕೊಡದಿರಲಿ. ದುಡಿಯುವವರಿಗೆ ಕೈಗೆಟಕುವ ಬಾಡಿಗೆಯ ಮನೆ ಕಟ್ಟಿಸಲಿ.

ಆದರೆ ಅದಕ್ಕೆ ಕಾಯದೆ ನಾವು ಮಾಡಬಹುದಾದದ್ದೂ ಒಂದಿದೆ. ಇರೋಕೆ ಹೋಗ್ತೀರಾ? ಧಾರಾಳವಾಗಿ ಕೊಳ್ಳಿ, ಮನೆ ಕಟ್ಟಿ, ಅಕ್ಕಪಕ್ಕದವರ ಜೊತೆ ಗ್ರಾಮಸಭೆಗೂ ಹೋಗಿ. ಬರೀ ದುಡ್ಡು ಬೆಳೆಸಬೇಕಾ? ಎಫ್‌ಡಿ ಇದೆ, ಷೇರು ಇದೆ. ನೀವು ಷೇರು ಕೊಂಡರೆ ಆ ಶಿಕ್ಷಕಿಯ ಮನೆ ಅವಳ ಕೈಯಿಂದ ಇನ್ನಷ್ಟು ದೂರ ಹೋಗಲ್ಲ.